ಎರಡು ಸೀಟಿನ ಕಾರು

ಹಾರೂನ್ ಸುತ್ತಿಗೆ ಎತ್ತಿ ಮತ್ತೊಮ್ಮೆ ಹೊಡೆದ. ಗಾಲಿಯ ನಡುವಿನ ದೊಡ್ಡ ನಟ್ಟು ಇನ್ನೇನು ಹಿಡಿಯಿತು ಅನ್ನುವಷ್ಟರಲ್ಲಿ ಜಾರಿ ಅವನ ಅಂಗೈಗೇ ಬಂದು ಬಿತ್ತು. ಸುತ್ತ ಗಂಡಸರು ನಿಂತಿದ್ದರು. ಒಬ್ಬರು ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಒಳಗೆ ಪಡಸಾಲೆಯಲ್ಲಿ ಅವನ ಅಬ್ಬಾ ಅಕ್ಬರಸಾಬರಿಗೆ ಕೊನೆಯ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಮಧ್ಯಾಹ್ನದ ಜುಹರ್ ನಮಾಜಿನ ಹೊತ್ತು ಹತ್ತಿರವಾಗುತ್ತಿತ್ತು. ಮಸೀದಿಯಿಂದ ತಂದ ಜನಾಜಾದ ಮಂಚ ಕಟ್ಟೆಯ ಪಕ್ಕ ಕಾಯುತ್ತಿತ್ತು. ಖಾಲಿ ಇದ್ದಾಗ ಅದನ್ನು ಓರೆ ಮಾಡಿ ಕಾರಿನ ಮೇಲಿಂದ ಒಳಗೆ ದಾಟಿಸಿದ್ದರು. ಹೆಣ ಇಟ್ಟ ಮೇಲೆ ಹಾಗೆ ಒಯ್ಯುವುದು ಆಗುವ ಮಾತಲ್ಲ. ಅಂಗಳದಿಂದ ಓಣಿಗೆ ಇದ್ದದ್ದು ಇದೊಂದೇ ಗೇಟು, ಆ ಗೇಟಿನ ಬಾಯಿಗೇ ಕಾರು ಕೂತಿತ್ತು. ಬಲಗಡೆಯ ಹಿಂದಿನ ಗಾಲಿ ಬಿಚ್ಚಿತ್ತು. ಅಚ್ಚಿನ ಕೆಳಗೆ ಜಾಲಿ ಮರದ ದಿಮ್ಮಿ.

ಗಾಲಿ ಬಿಚ್ಚಿದವರು ಅಕ್ಬರಸಾಬರೇ. ನಿನ್ನೆ ಮಧ್ಯಾಹ್ನ ಬ್ರೇಕಿನ ಭಾಗಗಳನ್ನು ಕೈಯಿಂದ ಸವರಿ ನೋಡಿ, ಉಳಿದದ್ದು ಚಹಾ ಕುಡಿದ ಮೇಲೆ ಎಂದು ಹೇಳಿ, ಸೀಮೆಎಣ್ಣೆಯಿಂದ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಅಡ್ಡಾಗಿದ್ದರು. ಹೆಂಡತಿ ಮಲಿಕಾಬಿ ಚಹಾ ತಂದಾಗ ಅವರು ಏಳಲಿಲ್ಲ.

ಬೇರೆ ಊರಿನಿಂದ ಬಂದಿದ್ದ ಅಕ್ಬರಸಾಬರ ತಮ್ಮ ಅಬ್ದುಲ್‌ಸಾಬ ಹಾರೂನನ ಹೆಗಲ ಮೇಲೆ ಕೈ ಇಟ್ಟರು.

"ಬಿಡಪಾ, ಇದು ಆಗೂ ಹಂಗ ಕಾಣೂದಿಲ್ಲ. ಟ್ರ್ಯಾಕ್ಟರಿಗೆ ಹಗ್ಗಾ ಕಟ್ಟಿ ಎಳದ ಒಗಿಯೂಣು. ಇನ್ನ ಇದನ್ನ ಹೊಡಿಯಾವರರೇ ಯಾರದಾರ?"

ಹಾರೂನ್ ಸುತ್ತಿಗೆ ಕೆಳಗಿಟ್ಟ. ದಿಮ್ಮಿಯ ಮೇಲಿಂದ ಎಳೆದರೆ ಅಚ್ಚು ಮುರಿಯುತ್ತದೆ, ತಳ ಕಿತ್ತು ಬರುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಅದರಿಂದ ಅವನಿಗೆ ದುಃಖವೇನೂ ಆಗುತ್ತಿರಲಿಲ್ಲ. ಆಗಲಿ ಎಂದು ತಲೆ ಆಡಿಸಬೇಕು, ಅಷ್ಟರಲ್ಲಿ ಬಾಗಿಲಿನಿಂದ ತಾಯಿಯ ದನಿ ಬಂತು.

"ಎಳೀಬ್ಯಾಡ್ರಿ."

ಮಲಿಕಾಬಿ ಬಿಳಿ ಚಾದರ ಹೊದ್ದು ಹೊಸ್ತಿಲ ಒಳಗೇ ನಿಂತಿದ್ದಳು. ಅಳುವ ಹೆಂಗಸರೆಲ್ಲ ಅವಳ ಬೆನ್ನ ಹಿಂದಿದ್ದರು. ಅವಳು ಗಂಡಸರ ಕಡೆ ನೋಡದೆ ಮಗನಿಗಷ್ಟೇ ಹೇಳಿದಳು.

"ಹಾರೂನ್, ಈ ಬಾಜೂದು ಉಲ್ಟಾ ತಿರಗತೈತಿ. ಬಲಗಡೆ ಗಾಲಿ ಎರಡೂ ಹಂಗ. ಎಡಕ್ಕ ತಿರುವು."

ಹಾರೂನ್ ನಟ್ಟನ್ನು ಎಡಕ್ಕೆ ತಿರುವಿದ. ಅದು ಬೆಣ್ಣೆಗೆ ಬೆರಳು ಇಳಿದಷ್ಟು ಸಲೀಸಾಗಿ ಹಿಡಿದುಕೊಂಡಿತು.

* * *

ಆ ಕಾರು ದುಮ್ಮವಾಡಕ್ಕೆ ಬಂದಾಗ ಹಾರೂನ್ ಇನ್ನೂ ಹೈಸ್ಕೂಲಿನಲ್ಲಿದ್ದ. ಅಕ್ಬರಸಾಬ ಕಲಘಟಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲಿಯವರೆಗೆ ಮೊದಲು ಸೈಕಲ್ಲು, ಆಮೇಲೆ ಒಂದು ಸ್ಕೂಟರು, ಅಷ್ಟೇ ಅವರ ವಾಹನ. ಮನೆಗೆ ಮೊದಲ ಕಾರು ತರುತ್ತೇನೆ ಎಂದು ಬೆಳಗಾವಿಗೆ ಹೋದರು. ಅಲ್ಲೊಬ್ಬ ಡಾಕ್ಟರರ ಮನೆಯವರು ಹಳೆಯ ಅಂಬಾಸಡರ್ ಮಾರುತ್ತಿದ್ದಾರೆ ಎಂಬ ಸುದ್ದಿ ಇತ್ತು. ಇಡೀ ಮನೆ ಅಂಬಾಸಡರಿಗೆ ಕಾದು ಕೂತಿತ್ತು. ಫಾತಿಹಾ ಪ್ರಾರ್ಥನೆ ಓದಿಸಲು ಅಜ್ಜಿ ತಟ್ಟೆಯಲ್ಲಿ ಸಕ್ಕರೆ ಹಿಡಿದು ನಿಂತಿದ್ದಳು. ಮಕ್ಕಳು ಯಾರು ಕಿಟಕಿಯ ಕಡೆ ಎಂದು ಆಗಲೇ ಜಗಳ ಮುಗಿಸಿದ್ದರು.

ಬಂದದ್ದು ಬೇರೆಯೇ. ತಲೆಯ ಮೇಲೆ ಚಾವಣಿ ಇಲ್ಲದ, ನೆಲಕ್ಕೆ ಹತ್ತಿಕೊಂಡ, ಕೆಂಪು ಬಣ್ಣ ಸುಲಿದ ಒಂದು ವಿಲಾಯತಿ ರೇಸಿನ ಕಾರು. ಉದ್ದನೆಯ ಮೂತಿ, ಸೈಕಲ್ಲಿನಂತೆ ಕಡ್ಡಿ ಇದ್ದ ಗಾಲಿಗಳು. ಡಾಕ್ಟರರ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ಕೆಳಗೆ ಎಷ್ಟೋ ವರ್ಷ ಬಿದ್ದಿತ್ತಂತೆ. ಅಂಬಾಸಡರ್ ನೋಡಲು ಹೋದ ಅಕ್ಬರಸಾಬರ ಕಣ್ಣು ಅದರ ಮೇಲೆ ಬಿದ್ದದ್ದೇ ಬಿದ್ದದ್ದು. ಅದರಲ್ಲಿ ಇದ್ದದ್ದು ಎರಡೇ ಸೀಟು.

ಅಜ್ಜಿ ಸಕ್ಕರೆಯ ತಟ್ಟೆ ಹಿಡಿದುಕೊಂಡೇ ಸುತ್ತು ಹಾಕಿ ನೋಡಿದಳು. "ಉಳದವರು ಎಲ್ಲೆ ಕುಂಡ್ರೂದಪಾ?"

"ಒಬ್ಬೊಬ್ಬರನ್ನ ಕರಕೊಂಡ ಹೋಗ್ತೇನಿ" ಅಂದರು ಅಕ್ಬರಸಾಬ.

ಮಲಿಕಾಬಿ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಮುಂದೆ ಬಹಳ ದಿನ ಗಂಡನ ತಾಟಿಗೆ ರೊಟ್ಟಿಯನ್ನು ಇಡುವ ಬದಲು ಎಸೆಯುತ್ತಿದ್ದಳು.

ಕೊಂಡದ್ದು ಸುಲಭ, ಅದನ್ನು ಬದುಕಿಸಿ ಇಟ್ಟುಕೊಳ್ಳುವುದೇ ಅಕ್ಬರಸಾಬರ ಉಳಿದ ಆಯುಷ್ಯವಾಯಿತು. ಅದರ ಸಾಮಾನು ಹುಬ್ಬಳ್ಳಿಯಲ್ಲಿ ಇರಲಿ, ಮುಂಬಯಿಯಲ್ಲೂ ಸಿಗುತ್ತಿರಲಿಲ್ಲ. ರೇಡಿಯೇಟರ್ ಸೋರಿದರೆ ಅರಿಷಿಣ ಪುಡಿ ಹಾಕಿದರು. ನೀರಿನ ಪೈಪಿಗೆ ಟ್ರ್ಯಾಕ್ಟರಿನ ರಬ್ಬರು ಕೊಯ್ದು ಕೂಡಿಸಿದರು. ಸ್ಟೀರಿಂಗಿನ ಮುಂದಿನ ಹಲಗೆ ಗೆದ್ದಲು ತಿಂದು ಪುಡಿಯಾದಾಗ ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರ ಹತ್ತಿರ ಹೋಗಿ ಹೊಸದು ಮಾಡಿಸಿದರು. ಅವರು ಹಲಗೆ ಮಾಡಿಕೊಟ್ಟದ್ದಷ್ಟೇ ಅಲ್ಲ, ರೂಢಿಯಂತೆ ಅರಗಿನ ಬಣ್ಣ ತುಂಬಿ, ಅಂಚಿಗೆ ಹಳದಿ ಬಳ್ಳಿ, ನಡುವೆ ಎರಡು ಗಿಳಿ ಬರೆದು ಕಳಿಸಿದರು. ಅಕ್ಬರಸಾಬ ಅಳಿಸಲಿಲ್ಲ. ವೇಗ ತೋರಿಸುವ ಮುಳ್ಳಿನ ಆಚೆ ಈಚೆ ಗಿಳಿಗಳು ಕೂತವು.

ಹೇಳಿದಂತೆ ಅವರು ಒಬ್ಬೊಬ್ಬರನ್ನೇ ಕರೆದುಕೊಂಡು ಹೋದರು. ಅಜ್ಜಿಯನ್ನು ದರ್ಗಾಕ್ಕೆ, ಮಗಳು ಶಬನಮ್‌ಳನ್ನು ಶಾಲೆಗೆ, ಪಕ್ಕದ ಮನೆಯ ಸುಶೀಲವ್ವನನ್ನು ದವಾಖಾನೆಗೆ. ಹಾರೂನ್ ಒಂದು ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ಆ ಎಡಗಡೆಯ ಸೀಟಿನಲ್ಲಿ ಕೂತವನು. ಗಾಳಿಗೆ ಕಣ್ಣು ನೀರಾಡಿದರೂ ಕನ್ನಡಕ ಬೇಡ ಅನ್ನುತ್ತಿದ್ದ.

ಅದು ಮುಗಿದದ್ದು ರೈಲ್ವೆ ನೌಕರಿಯ ಪರೀಕ್ಷೆಯ ದಿನ. ಮೊದಲ ಬಸ್ಸಿಗೆ ಹೋಗುತ್ತೇನೆಂದು ಅವನು ಚೀಲ ಹಿಡಿದು ನಿಂತಿದ್ದಾಗ, ಬಸ್ಸು ಯಾಕೆ, ಹುಬ್ಬಳ್ಳಿವರೆಗೆ ತಾನೇ ಬಿಡುತ್ತೇನೆಂದರು ಅಬ್ಬಾ. ಕಲಘಟಗಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಪೆಟ್ರೋಲು ಎಳೆಯುವ ಪಂಪು ನಿಂತಿತು. ಅಬ್ಬಾ ನಟ್ಟು ಬಿಚ್ಚುವ ಪಾನಾದಿಂದ ತಟ್ಟಿದರು, ಬಿಚ್ಚಿದರು, ಉಜ್ಜಿದರು. ಹಾರೂನ್ ರಸ್ತೆಯ ನಡುವೆ ನಿಂತು ಬರುವ ಗಾಡಿಗಳಿಗೆಲ್ಲ ಕೈ ಮಾಡಿದ. ಕೊನೆಗೆ ಒಂದು ಕಬ್ಬಿನ ಲಾರಿ ಹತ್ತಿಸಿಕೊಂಡಿತು. ಅವನು ಹುಬ್ಬಳ್ಳಿ ಮುಟ್ಟಿದಾಗ ಪರೀಕ್ಷೆ ನಡೆಯುವ ಶಾಲೆಯ ಗೇಟು ಹಾಕಿತ್ತು.

ಸಂಜೆ ಬಸ್ಸಿನಲ್ಲಿ ಮನೆಗೆ ಬಂದ. ಕಾರು ಅಂಗಳದಲ್ಲಿತ್ತು. ಅಬ್ಬಾ ಏನೋ ಹೇಳಲು ಎದ್ದು ನಿಂತರು. ಅವನು ಮೋರೆ ತಿರುಗಿಸಿ ಒಳಗೆ ಹೋದ. ಮರುವರ್ಷ ಮತ್ತೆ ಬರೆಯಬಹುದಿತ್ತು, ಬರೆಯಲಿಲ್ಲ. ಕಲಘಟಗಿಯಲ್ಲಿ ಸಿಮೆಂಟಿನ ಅಂಗಡಿ ಹಾಕಿದ, ಅದು ಚೆನ್ನಾಗಿಯೇ ನಡೆಯಿತು, ಅಲ್ಲೇ ಮನೆ ಕಟ್ಟಿದ. ಶುಕ್ರವಾರ ಬೈಕಿನ ಮೇಲೆ ಬಂದು ತಂದೆತಾಯಿಗಳನ್ನು ನೋಡಿ ಹೋಗುತ್ತಿದ್ದ. ಆದರೆ ಆ ಕಾರಿನಲ್ಲಿ ಮತ್ತೆ ಕೂರಲಿಲ್ಲ. ಅವನ ಮುಂದೆ ಅದರ ಮಾತನ್ನು ಊರವರೂ ಎತ್ತುತ್ತಿರಲಿಲ್ಲ.

* * *

ಗಾಲಿ ಕೂತಿತು. ದಿಮ್ಮಿ ತೆಗೆದರು. ಓಣಿ ಮುಂದೆ ಇಳಿಜಾರು, ಆದ್ದರಿಂದ ನೂಕುವಾಗ ಒಳಗೆ ಯಾರಾದರೂ ಕೂತು ಸ್ಟೀರಿಂಗು ಹಿಡಿಯಲೇಬೇಕಿತ್ತು. ಎಲ್ಲರೂ ಹಾರೂನನ ಕಡೆ ನೋಡಿದರು. ಅವನು ಒಂದು ಗಳಿಗೆ ತಡೆದು, ಬಾಗಿಲು ತೆರೆದು ಅಬ್ಬಾನ ಸೀಟಿಗೆ ಇಳಿಯಹೋದ.

ಇಳಿಯಲು ಆಗಲಿಲ್ಲ. ಮೊಣಕಾಲು ಗಿಳಿಯ ಹಲಗೆಗೆ ಬಡಿದವು, ಸ್ಟೀರಿಂಗು ಎದೆಗೆ ಒತ್ತಿತು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು ಇಟ್ಟಿದ್ದರು. ಬೆನ್ನಿಗೊಂದು ದಿಂಬು ಬೇರೆ. ಅಬ್ಬಾ ಹಾರೂನನಿಗಿಂತ ಎತ್ತರದ ಆಳು.

"ಇದನ್ನ ಯಾರ ಇಷ್ಟ ಮುಂದ ಎಳದಾರ?" ಎಂದು ಅವನು ಯಾರನ್ನೂ ನೋಡದೆ ಕೇಳಿದ.

ಗೋಡೆಯ ಆಚೆ ನಿಂತಿದ್ದ ಸುಶೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಗಾಡಿ ನಿಮ್ಮ ಅಮ್ಮ ಹೊಡೀತಾಳಲ್ಲೋ ತಮ್ಮಾ. ಅಕ್ಬರಣ್ಣಗ ಕಣ್ಣ ಕಾಣದಂಗ ಆದಾಗಿಂದ ಆಕೀನ ಹೊಡಿಯೂದು. ನಿನಗ ಗೊತ್ತಿಲ್ಲೇನು?"

ಹಾರೂನ್ ಬಾಗಿಲ ಕಡೆ ತಿರುಗಿದ. ತಾಯಿ ಅಲ್ಲಿರಲಿಲ್ಲ, ಒಳಗೆ ಹೋಗಿದ್ದಳು. ಸೀಟು ಹಿಂದೆ ಸರಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಮೈ ಮುದುಡಿ ಹಾಗೇ ಕೂತ. ಹತ್ತು ಕೈಗಳು ಹಿಂದಿನಿಂದ ನೂಕಿದವು. ಕಾರು ಸದ್ದಿಲ್ಲದೆ ಗೇಟು ದಾಟಿತು. ಅವನು ಅದನ್ನು ಸುಶೀಲವ್ವನ ಮನೆಯ ಗೋಡೆಗೆ ಒತ್ತಿ, ಬೇವಿನ ನೆರಳಲ್ಲಿ ನಿಲ್ಲಿಸಿ, ಎಡಗಡೆಯಿಂದ ಹೇಗೋ ಹೊರಬಿದ್ದ.

ಆಮೇಲೆ ಜನಾಜಾ ಎತ್ತಿದರು. ಮುಂದಿನ ಬಲಗಡೆಗೆ ಹಾರೂನ್ ಹೆಗಲು ಕೊಟ್ಟ. ಕಾರಿನ ಪಕ್ಕದಿಂದಲೇ ಅಬ್ಬಾ ಹೋದರು.

ಕಬರಸ್ತಾನದಲ್ಲಿ ಮಣ್ಣು ಹಾಕಿದವರಲ್ಲಿ ದಿನಕರರೂ ಇದ್ದರು. ಅಕ್ಬರಸಾಬರ ಜೊತೆ ಒಂದೇ ಕಚೇರಿಯಲ್ಲಿ ಕೆಲಸ ಮಾಡಿ, ನಿವೃತ್ತರಾಗಿ ಹುಬ್ಬಳ್ಳಿಯಲ್ಲಿ ಇದ್ದವರು. ತಲೆಗೆ ಕರವಸ್ತ್ರ ಕಟ್ಟಿಕೊಂಡು, ಎಲ್ಲರೂ ಹಾಕಿದಂತೆ ಮೂರು ಹಿಡಿ ಮಣ್ಣು ಹಾಕಿ, ತಿರುಗಿ ಬರುವಾಗ ಹಾರೂನನ ಪಕ್ಕ ನಿಧಾನವಾಗಿ ನಡೆದರು. ಮೊದಲು ಕಚೇರಿಯ ಮಾತು ಬಂತು. ಆಮೇಲೆ ಕಾರಿನ ಮಾತು. ಈ ಊರಿನ ಎಷ್ಟೋ ಹುಡುಗ ಹುಡುಗಿಯರು ತಮ್ಮ ಮನೆಯಲ್ಲಿ ಮಲಗಿ ಎದ್ದು ಪರೀಕ್ಷೆಗೆ ಹೋಗಿದ್ದಾರೆ ಎಂದರು. ಯಾರಿಗೆ ಹುಬ್ಬಳ್ಳಿಯಲ್ಲಿ ಪರೀಕ್ಷೆ ಇದ್ದರೂ ಅಕ್ಬರಸಾಬ ಅವರನ್ನು ಪಕ್ಕ ಕೂರಿಸಿಕೊಂಡು ಹಿಂದಿನ ದಿನವೇ ಬಂದುಬಿಡುತ್ತಿದ್ದರಂತೆ. ದಿನಕರರ ಹೆಂಡತಿ ಅನ್ನಪೂರ್ಣಾಬಾಯಿ ಅವರೆಲ್ಲರಿಗೂ ಬೇಯಿಸಿ ಹಾಕಿದ್ದಳು.

"ಮುಂಜಾನೆ ಹೊಂಟ್ರ ಆಗೂದಿಲ್ಲೇನೋ ಮಾರಾಯಾ ಅಂತ ನಾ ಒಂದ ಸಲಾ ಕೇಳಿದೆ" ಅಂದರು ದಿನಕರ. "ಅದಕ್ಕ ಅಂವಾ, ಇಲ್ಲಪಾ, ಹಂಗ ಮಾಡಿ ಒಬ್ಬನ ಪರೀಕ್ಷಾ ಕೆಡಿಸೇನಿ, ಇನ್ನ ಯಾರದೂ ಕೆಡಸೂದಿಲ್ಲ ಅಂದಾ. ಯಾರದು ಅಂತ ಹೇಳಲಿಲ್ಲ. ನಾನೂ ಕೆದಕಲಿಲ್ಲ."

ರಸ್ತೆಯ ಎರಡೂ ಕಡೆ ಭತ್ತ ಕೊಯ್ದ ಗದ್ದೆಗಳು ಒಣಗುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಹಾರೂನ್ ದಿನಕರರ ಕೈ ಹಿಡಿದುಕೊಂಡ. ಹಿರಿಯರನ್ನು ಕಾಲುವೆ ದಾಟಿಸಲು ಹಿಡಿದನೆಂದು ಹಿಂದೆ ಬರುತ್ತಿದ್ದವರು ತಿಳಿದರು.

"ಬಾಳ ದೂರ ನಡಸಿದ್ನಿ ನಿಮ್ಮನ್ನ, ಕಾಕಾ" ಅಂದ.

* * *

ಸಂಜೆಯ ಹೊತ್ತಿಗೆ ಬಂದವರೆಲ್ಲ ಚದುರಿದರು. ಶಬನಮ್ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಮಲಿಕಾಬಿ ಗೇಟಿನ ಒಳಗೆ, ಕಾರು ನಿಂತಿದ್ದ ಜಾಗದಲ್ಲಿ, ನೆಲಕ್ಕೆ ಬಿದ್ದ ಎಣ್ಣೆಯ ಕಲೆಯ ಪಕ್ಕ ನಿಂತು ಓಣಿಯತ್ತ ನೋಡುತ್ತಿದ್ದಳು. ಗಂಡ ಸತ್ತ ಮೇಲಿನ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ಅವಳು ಆ ಗೇಟು ದಾಟುವಂತಿಲ್ಲ.

"ರಾತ್ರಿ ಇಬ್ಬನಿ ಬೀಳತೈತಿ. ಒಳಗ ತರ್ತೀಯೇನು?" ಅಂದಳು.

ಹಾರೂನ್ ತಕ್ಷಣ ಹೋಗಲಿಲ್ಲ. ಅಮ್ಮನ ಪಕ್ಕ ಗೋಡೆಗೆ ಒರಗಿ ನಿಂತ. ಯಾವಾಗ ಕಲಿತದ್ದು ಎಂದು ಕೇಳಿದ. ಅವಳು ಸುತ್ತು ಬಳಸದೆ ಹೇಳಿದಳು. ಕಣ್ಣಿನ ನರ ಸೋತಿದೆ, ಇನ್ನು ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ದಿನ ಅಬ್ಬಾ ಮನೆಗೆ ಬಂದು, ಯಾರಾದರೂ ಕೇಳಿದರೆ ಕೊಟ್ಟುಬಿಡೋಣ ಅಂದರಂತೆ. ಮರುದಿನವೂ ಅದನ್ನು ಒರೆಸಿದರು, ಅದರ ಮರುದಿನವೂ ಒರೆಸಿದರು. ಅವಳಿಗೆ ನೋಡಲಾಗಲಿಲ್ಲ. ನನಗೆ ಕಲಿಸ್ರಿ ಅಂದಳು. ಬತ್ತಿದ ಕೆರೆಯ ಅಂಗಳದಲ್ಲಿ ಕಲಿತಳು. ಮೊದಮೊದಲು ದನ ಕಾಯುವವರು ನಕ್ಕರು, ಆಮೇಲೆ ಅವರಿಗೂ ಬೇಸರ ಬಂತು. ಅಂದಿನಿಂದ ದಿನಾ ಮುಂಜಾನೆ ಫಜರ್ ನಮಾಜು ಆದ ಮೇಲೆ ಇಬ್ಬರೂ ಹೋಗುತ್ತಿದ್ದರು. ದೂರವೇನಲ್ಲ, ಕಾಡು ಸುರುವಾಗುವ ತಿರುವಿನವರೆಗೆ. ಅಲ್ಲಿ ನಿಲ್ಲಿಸಿ ಥರ್ಮಾಸಿನ ಚಹಾ ಕುಡಿದು ವಾಪಸು. ದಾರಿಯಲ್ಲಿ ಏನೇನು ಕಾಣುತ್ತದೆಂದು ಅವಳು ಹೇಳಬೇಕು, ಅವರು ಎಂಜಿನ್ನಿನ ಸದ್ದು ಕೇಳಿ ಯಾವ ಗೇರು ಎಂದು ಹೇಳಬೇಕು.

"ಮೊದಲ ಅಷ್ಟ ಸಿಟ್ಟ ಇತ್ತಲ್ಲ ನಿಮಗ ಅದರ ಮ್ಯಾಲೆ" ಅಂದ ಹಾರೂನ್.

"ಇತ್ತು" ಅಂದಳು ಮಲಿಕಾಬಿ. "ಮನಿಮಂದಿ ಎಲ್ಲಾರನೂ ಕುಂಡ್ರಿಸಿಕೊಂಡ ಹ್ವಾದ್ರು. ಬಾ ಅಂತ ನನಗೂ ಕರೀತಿದ್ರು, ನಾನ ಹೋಗಲಿಲ್ಲ. ಸಿಟ್ಟಿನಾಗ ಎಷ್ಟ ವರ್ಷಾ ಕಳದ್ನಿ ನೋಡು. ಕಡೀಕೆ ಸಿಕ್ಕಿದ್ದು ಇಷ್ಟ."

ಹಾರೂನ್ ಕೀಲಿ ಕೈ ಇಸಿದುಕೊಂಡು ಓಣಿಗೆ ಹೋದ. ಬೇವಿನ ಎಲೆಗಳು ಸೀಟಿನ ಮೇಲೆಲ್ಲ ಉದುರಿದ್ದವು. ಬಲಗಡೆಯ ಬಾಗಿಲು ಗೋಡೆಗೆ ತಾಗಿಕೊಂಡಿದ್ದರಿಂದ ಎಡಗಡೆಯದನ್ನು ತೆರೆದ. ಆಚೆ ದಾಟಿಕೊಳ್ಳಬೇಕೆಂದು ಒಂದು ಕಾಲು ಒಳಗಿಟ್ಟವನು ಕೆಳಗೆ ನೋಡಿ ನಿಂತ.

ಡ್ರೈವರಿನ ಬದಿಯಲ್ಲಿ ಪೆಡಲುಗಳ ಕೆಳಗೆ ಮ್ಯಾಟು ಸವೆದಿತ್ತು, ಅದು ಸಹಜ. ಆದರೆ ಎಡಗಡೆ, ಯಾವ ಪೆಡಲೂ ಇಲ್ಲದ ಕಡೆ, ರಬ್ಬರು ಸವೆದು ತೂತು ಬಿದ್ದಿತ್ತು. ಬಲಗಾಲಿನ ಮುಂಗಾಲು ಹಿಡಿಸುವಷ್ಟು ತೂತು. ಅದರೊಳಗಿನ ತಗಡು ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

ಗೇಟಿನಿಂದ ತಾಯಿ ಕೇಳಿದಳು, ಯಾಕೆ ನಿಂತದ್ದು ಎಂದು. ಅವನು ಹೇಳಿದ.

"ಬ್ರೇಕ್ ಒತ್ತತಿದ್ರು" ಅಂದಳು ಅವಳು. "ನಾ ಹೊಡಿಯೂವಾಗ. ತಿರುವು ಬಂತಂದ್ರ ಒತ್ತೂದು, ದನಾ ಅಡ್ಡ ಬಂದಾವು ಅಂದ್ರ ಒತ್ತೂದು. ಅಲ್ಲೇನ ಐತ್ರೀ ಅಂತ ನಾ ನಗತಿದ್ದೆ. ಇರಲಿ, ನೀ ಹೊಡಿ ಅಂತಿದ್ರು."

ಹಾರೂನ್ ಎಡಗಡೆಯ ಸೀಟಿನಲ್ಲಿ ಕೂತ. ಚಪ್ಪಲಿ ಕಳಚಿ, ಬರಿಗಾಲನ್ನು ಆ ತೂತಿನಲ್ಲಿಟ್ಟ. ತಗಡು ಇಳಿಹೊತ್ತಿನ ಬಿಸಿಲಿಗೆ ಕಾದು ಇನ್ನೂ ಬೆಚ್ಚಗಿತ್ತು. ಅವನು ಒತ್ತಿ ಹಿಡಿದ.