ಡಬ್ಬಾ ಟಿವಿ ಬೇಕಾಗಿದೆ

ನನ್ನ ತಮ್ಮ ರಾಜರತ್ನನ ಬಲಗೈಯ ತೋರುಬೆರಳು ಒಮ್ಮೆ ಅಲುಗಿತ್ತು. ಬೈಕು ಕಬ್ಬಿನ ಟ್ರ್ಯಾಕ್ಟರಿಗೆ ಬಡಿದು, ತಲೆಗೆ ಪೆಟ್ಟಾಗಿ, ಮಾತೂ ಬಲಗೈಯೂ ಹೋದ ಮೇಲೆ ನಮಗೆ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ. ವಿಜಯಪುರದಿಂದ ಟಿಕೋಟಾದ ನಮ್ಮ ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಚೇತನಕುಮಾರ ಆ ಬೆರಳನ್ನು ಹಿಡಿದು ನನಗೆ ತೋರಿಸಿದರು.

“ನಾ ಎಳದ್ರ ಉಪಯೋಗಿಲ್ರಿ ಅಕ್ಕಾರ. ಅವರೇ ಎಳೀಬೇಕು, ಹಿಂಗ, ಒಳಗ. ಎಳೀಬೇಕು ಅನಸೂವಂಥಾದ್ದು ಏನರ ಕೊಡ್ರಿ ಅವರಿಗೆ. ಸೋಮವಾರ ಬರತೀನಿ. ಆವಾಗೂ ಹಿಂಗ ಇದ್ರ ನಾ ಸುಮ್ಮನ ಬಂದು ಹೋಗೂದರಾಗ ಅರ್ಥ ಇಲ್ರಿ.”

ಅವನಿಗೆ ಏನು ಕೊಡಬೇಕೆಂದು ಯೋಚಿಸುವ ಅಗತ್ಯವಿರಲಿಲ್ಲ. ನಮ್ಮಿಬ್ಬರ ಪ್ರೀತಿ, ಜಗಳ ಎಲ್ಲವೂ ಕಂಪ್ಯೂಟರಿನವೇ. ನಾನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಅವನು ಕನಮಡಿಯಿಂದ ಕಾಖಂಡಕಿಯವರೆಗೆ ಜನ ಗುಜರಿಗೆ ಹಾಕಲಿಟ್ಟ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಎಬ್ಬಿಸುವವನು. ಹೊಸ ಅಪ್‌ಡೇಟ್ ಬಂದಿದೆ ಎಂದರೆ ನನ್ನ ಎದೆ ಬಡಿದುಕೊಳ್ಳುತ್ತದೆ. ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಟ್ಟ ಮೇಲೂ ಗುಂಡಿ ಒತ್ತದೆ ಕೂರುತ್ತೇನೆ. “ಒತ್ತ ಬೇ ಅಕ್ಕಾ, ಬಾಂಬ್ ಅಲ್ಲದು” ಎನ್ನುತ್ತ ಅವನು ಹಿಂದಿನಿಂದ ಕೈ ಚಾಚಿ ಒತ್ತಿಬಿಡುತ್ತಿದ್ದ. ಬರೆಯಲು ಅವನಿಗೆ ಕಪ್ಪು ಪರದೆಯ ಎಡಿಟರ್ ಸಾಕು; ಹಾಡಿಗೆ ಚಿತ್ರವೂ ಬಣ್ಣವೂ ಇಲ್ಲದ ಪ್ಲೇಯರ್. ಆಟವೂ ಹಾಗೆಯೇ. ಸಣ್ಣವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಆಟಗಳನ್ನು, ಹಳೆಯ ಯಂತ್ರದಂತೆಯೇ ನಡೆಯುವ ಎಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ಹಾಕಿ ಈಗಲೂ ಆಡುತ್ತಿದ್ದ.

ಮೊದಲು ಲ್ಯಾಪ್‌ಟಾಪ್ ತಂದೆ. ಹಕ್ಕಿ ಹೊಡೆಯುವ ಆಟ ಹಾಕಿ, ಅವನ ಕೈಯನ್ನು ಮೌಸ್ ಮೇಲಿಟ್ಟೆ. ಮುದುಡಿದ ಬೆರಳು ಚಪ್ಪಟೆ ಮೌಸಿನ ಮೇಲೆ ನಿಲ್ಲಲಿಲ್ಲ, ಜಾರಿತು. ಆಗ ಅಟ್ಟದ ಮೇಲಿದ್ದ ಪೆಟ್ಟಿಗೆ ನೆನಪಾಯಿತು. ಅದರಲ್ಲಿ ನಿಜವಾದ ಯಂತ್ರವಿತ್ತು, ಕ್ಯಾಸೆಟ್ ಇತ್ತು, ಪ್ಲಾಸ್ಟಿಕ್ ಬಂದೂಕೂ ಇತ್ತು. ಅವನೇ ವೈರು ಬದಲಿಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಅವನ ಬೆರಳು ಅದರ ಟ್ರಿಗರಿನ ಮೇಲೆ ಅದಕ್ಕೇ ಮಾಡಿದಂತೆ ಕೂತಿತು.

ಅವನ ಮಂಚದ ಎದುರು, ಹಜಾರದ ಗೋಡೆಯ ಚಪ್ಪಟೆ ಟಿವಿಗೆ ಜೋಡಿಸಿದೆ. ಆಟ ಬಂತು. ನಾನು ಬಂದೂಕನ್ನು ಹಕ್ಕಿಯತ್ತ ಹಿಡಿದೆ. ಅವನ ಕಣ್ಣು ಪರದೆಗೆ ಅಂಟಿತು, ಕುತ್ತಿಗೆಯ ನರ ಉಬ್ಬಿತು, ಹಣೆ ಬೆವರಿತು. ಕಟ್ ಎಂದಿತು ಟ್ರಿಗರ್.

“ಎಳದಾ! ಯಶೋಧರಾ, ಎಳದಾ ನೋಡ ನನ ಕೂಸು!” ಎಂದು ಅವ್ವ ಪರಸವ್ವ ಕೂಗಿದಳು.

ಹಕ್ಕಿ ಬೀಳಲಿಲ್ಲ. ಮತ್ತೆ ಎಳೆದ. ಬೀಳಲಿಲ್ಲ. ನಾನು ಹತ್ತಿರ ಸರಿದು ಹಿಡಿದೆ. ಮತ್ತೊಮ್ಮೆ ಎಳೆದ. ಎಲ್ಲ ಹಕ್ಕಿಗಳೂ ಹಾರಿಹೋಗಿ ಸೋತವರಿಗೆ ಬಾರಿಸುವ ರಾಗ ಬಂತು. ಅವನು ತನ್ನ ಕೈಯನ್ನು ನೋಡಿದ, ನನ್ನನ್ನು ನೋಡಿದ, ಪಕ್ಕದ ಗೋಡೆಯತ್ತ ಮುಖ ತಿರುಗಿಸಿದ. ಬೆರಳು ಸಡಿಲಾಯಿತು. ಮರುದಿನ ಅನ್ನ ನುಂಗಲೂ ಬಾಯಿ ತೆರೆಯಲಿಲ್ಲ.

ತಪ್ಪು ಬಂದೂಕಿನದಲ್ಲ, ಅವನದಂತೂ ಅಲ್ಲ. ಆ ಬಂದೂಕಿನ ಬಾಯಲ್ಲಿ ಬೆಳಕು ಕಾಣುವ ಕಣ್ಣಿದೆ. ಟ್ರಿಗರ್ ಎಳೆದಾಗ ಪರದೆ ಕ್ಷಣ ಕಪ್ಪಾಗಿ ಹಕ್ಕಿಯ ಜಾಗ ಬೆಳ್ಳಗಾಗುತ್ತದೆ. ಬಂದೂಕು ಅದನ್ನು ಕಂಡರೆ ಹಕ್ಕಿ ಬೀಳುತ್ತದೆ. ಹಿಂದೆ ಗೂನಿರುವ ಹಳೆಯ ಡಬ್ಬಾ ಟಿವಿಯಲ್ಲಿ ಆ ಬೆಳಕು ತಕ್ಷಣ ಬರುತ್ತದೆ. ಗೋಡೆಯ ಟಿವಿಯಲ್ಲಿ ತಡವಾಗುತ್ತದೆ, ಬಂದೂಕು ಕುರುಡಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವನೇ ಅವನು. ವರ್ಷಗಟ್ಟಲೆ ಮೌಸಿನಲ್ಲಿ ಆಡಿ ಮರೆತಿದ್ದೆ. ಪಕ್ಕದಲ್ಲಿ ಕೂತು ಇದನ್ನೆಲ್ಲ ಎರಡೆರಡು ಸಲ ವಿವರಿಸಿದೆ. ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ.

ಶಾಲೆಗೆ ರಜೆ ಹಾಕಿ ವಿಜಯಪುರಕ್ಕೆ ಹೋದೆ. ಗೋಳಗುಮ್ಮಟದ ಹತ್ತಿರ ಟಿವಿ ರಿಪೇರಿ ಮಾಡುವ ಪೀರಸಾಬ ತಮ್ಮನಿಗೆ ಗೆಳೆಯನಂತಿದ್ದವರು. ಅಂಥ ಟಿವಿಗಾಗಿ ಗುಜರಿಯವರನ್ನು, ಲಾಡ್ಜಿನವರನ್ನು ಕೇಳಿ ಸಾಕಾಗಿ ಕೊನೆಗೆ ಅವರಲ್ಲಿಗೆ ಬಂದೆ.

“ಡಬ್ಬಾ ಟಿವಿ? ಎಲ್ಲಾರೂ ಒಡದು ತಾಂಬ್ರ ತಗೊಂಡು ಗಾಜು ಚೆಲ್ಯಾರ ತಂಗೀ” ಎಂದವರು, ನನ್ನ ಮುಖ ನೋಡಿ ಕೈಯಲ್ಲಿದ್ದುದನ್ನು ಕೆಳಗಿಟ್ಟರು. “ತಡಿ. ಬಬಲೇಶ್ವರದಾಗ ಗುರುಬಸವ್ವನ ಖಾನಾವಳ್ಯಾಗ ಒಂದ ಐತಿ. ಹತ್ತತೈತೋ ಇಲ್ಲೋ, ಖುದಾನಿಗೇ ಗೊತ್ತು.”

ಬಸ್ಸಿನಲ್ಲಿ ಕೂತವಳಿಗೆ ದಾರಿಯ ಪ್ರತಿ ಗುಜರಿ ಗಾಡಿಯಲ್ಲೂ ಒಡೆದ ಟಿವಿ ಇದ್ದಂತೆ ಕಾಣುತ್ತಿತ್ತು. ಖಾನಾವಳಿಯಲ್ಲಿ ಆ ಟಿವಿಯ ಮೇಲೆ ರೊಟ್ಟಿಯ ಬುಟ್ಟಿ, ಚಟ್ನಿಪುಡಿಯ ಡಬ್ಬಿಗಳಿದ್ದವು.

“ಟಿವಿ ಅಲ್ಲವ್ವಾ ಅದು, ನನ್ನ ರೊಟ್ಟಿ ಕಟ್ಟಿ” ಎಂದು ಗುರುಬಸವ್ವ ನಕ್ಕಳು. “ಹಿಂದಿನ ಸಂದ್ಯಾಗ ಬೆಕ್ಕು ಬ್ಯಾರೆ ಮರಿ ಹಾಕಿತ್ತು. ಇದನ್ನ ತಗೊಂಡು ಏನ್ ಮಾಡ್ತಿ?”

ಹೇಳಿದೆ. ಹೇಳುತ್ತಿದ್ದಂತೆ ನನ್ನ ಮಾತು ನನಗೇ ಹುಚ್ಚು ಎನಿಸಿತು. ಅವಳು ನಗು ನಿಲ್ಲಿಸಿ ಬುಟ್ಟಿ ಇಳಿಸಿದಳು. “ಒಯ್ಯಿ. ನಿನ್ನ ತಮ್ಮ ಎದ್ದರ ಊಟಕ್ಕ ಕರಕೊಂಡ ಬಾ.”

ಪೀರಸಾಬ ಅದನ್ನು ಬಿಚ್ಚಿ, ಊದಿ, ಬೆಸುಗೆ ಹಾಕಿ ಭಾನುವಾರ ತಾವೇ ಟಿಕೋಟಾಕ್ಕೆ ತಂದರು. ಹೊತ್ತಿಸುವ ಮೊದಲು ನನ್ನನ್ನು ಬಾಗಿಲಾಚೆ ಕರೆದರು.

“ಪಿಕ್ಚರ್ ಟ್ಯೂಬ್ ಮುಗದೈತಿ ತಂಗೀ. ಇವತ್ತ ಹತ್ತೀತು, ನಾಳಿ ಗ್ಯಾರಂಟಿ ಇಲ್ಲ. ಒಮ್ಮೆ ಹೋದ್ರ ಹೋತು.”

ಕಿಟಕಿ ಮುಚ್ಚಿ, ದೀಪ ಆರಿಸಿದೆ. ಆಡುವಾಗ ಅವನು ಯಾವಾಗಲೂ ಹಾಗೆಯೇ ಮಾಡುತ್ತಿದ್ದ. ಟಿವಿ ಗುಂಯ್ ಎಂದಿತು. ಅಂಚುಗಳು ಕಪ್ಪಾಗಿ ಕುಗ್ಗಿದ್ದವು, ನಡುವೆ ಮಾತ್ರ ಆಕಾಶ, ಹುಲ್ಲು. ಬಂದೂಕನ್ನು ಅವನ ಕೈಗಿಟ್ಟು ಕೆಳಗಿನಿಂದ ಆನಿಸಿ ಹಿಡಿದೆ.

ಒಂದು ಹಕ್ಕಿ ಹೋಯಿತು. ಇನ್ನೊಂದು ಹೋಯಿತು. ಅವನು ಗೋಡೆಯನ್ನೇ ನೋಡುತ್ತಿದ್ದ. ರಾಗ ಬಂತು. ಮತ್ತೆ ಶುರು ಮಾಡಿದೆ. ಮತ್ತೆ ಅದೇ ರಾಗ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಂಚಿನ ಕಪ್ಪು ಒಳಗೆ ಸರಿಯುತ್ತಿದೆಯೇ, ನನ್ನ ಭ್ರಮೆಯೇ ತಿಳಿಯಲಿಲ್ಲ.

“ಇದು ಡಬ್ಬಾ ಟಿವಿ, ರಾಜಾ. ಒತ್ತ ಯಪ್ಪಾ” ಎಂದೆ. “ಬಾಂಬ್ ಅಲ್ಲದು.”

ಅವನ ತಲೆ ತಿರುಗಿತು. ಬಹಳ ನಿಧಾನವಾಗಿ. ಮೊದಲು ಟಿವಿಯ ಹಿಂದಿನ ಗೂನನ್ನು ನೋಡಿದ, ಆಮೇಲೆ ಪರದೆಯನ್ನು. ನನ್ನ ಕೈ ನಡುಗುತ್ತಿತ್ತು. ಟ್ರಿಗರ್ ಕಟ್ ಎಂದಿತು. ಪರದೆ ಕಪ್ಪಾಗಿ ಮಿಂಚಿತು. ಹಕ್ಕಿ ಹಾರಿಹೋಯಿತು.

ಮುಗಿಯಿತು ಎಂದುಕೊಂಡೆ. ಆಗ ಅವನ ಬಾಯಿಂದ ಸದ್ದು ಬಂತು: “ಚ್ಚ!”

ನಾನು ಗುರಿ ತಪ್ಪಿದಾಗಲೆಲ್ಲ ಬೈಯುವ ಮೊದಲು ಅವನು ಮಾಡುತ್ತಿದ್ದ ಸದ್ದು. ಕಣ್ಣು ನನ್ನ ನಡುಗುವ ಮುಂಗೈ ಮೇಲಿತ್ತು.

“ಹೌದೋ, ನಂದ ತಪ್ಪು” ಎಂದೆ. ಮೊಣಕೈಯನ್ನು ಮಂಚಕ್ಕೆ ಊರಿ ಗಟ್ಟಿ ಹಿಡಿದೆ. ಅವನು ಟ್ರಿಗರ್ ಎಳೆದ. ಹಕ್ಕಿ ತಿರುಗುತ್ತ ಹುಲ್ಲಿಗೆ ಬಿತ್ತು. ಅವ್ವ ಜೋರಾಗಿ ಅತ್ತಳು. ಪೀರಸಾಬ ಮಾತ್ರ ಪರದೆಯ ಅಂಚನ್ನೇ ನೋಡುತ್ತಿದ್ದರು.

ಈಗ ಕಪ್ಪು ಒಳಕ್ಕೆ ಸರಿಯುತ್ತಿರುವುದು ನನಗೂ ಖಚಿತವಾಗಿ ಕಂಡಿತು. ಆರಿಸಿ, ಚೇತನಕುಮಾರ ಬರುವ ನಾಳೆಗೆ ಉಳಿಸಲೇ? ನಾಳೆ ಇದು ಹೊತ್ತೀತೇ? ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಹಕ್ಕಿ ಹುಲ್ಲಿನಿಂದ ಎದ್ದಿತು. ಟ್ರಿಗರಿನ ಮೇಲೆ ಅವನ ಬೆರಳು ಆಗಲೇ ಬಿಗಿಯತೊಡಗಿತ್ತು. ನಾನು ಬಂದೂಕನ್ನು ಎತ್ತಿ ಹಿಡಿದೆ.