ನೋಡೋಣ ಅಂದ್ರಲ್ಲ

ನಮ್ಮವರ ಬಾಯಲ್ಲಿ ‘ಹೂಂ’ ಎಂಬ ಮಾತೇ ಇಲ್ಲ. ಬಹಳ ಇಷ್ಟವಾದದ್ದಕ್ಕೆ ‘ನೋಡೋಣ’ ಅನ್ನುತ್ತಾರೆ, ಅಷ್ಟೇ. ನನ್ನನ್ನು ಮದುವೆಯಾಗುತ್ತೀರಾ ಎಂದು ನಾನೇ ನಾಚಿಕೆ ಬಿಟ್ಟು ಕೇಳಿದಾಗಲೂ ಈ ಪುಣ್ಯಾತ್ಮ ‘ನೋಡೋಣ’ ಅಂದಿದ್ದರು. ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿ ಅತ್ತಿದ್ದೆ. ಆಮೇಲೆ ನೋಡಿದರೆ ಅಳತೆ ಕೂಡ ಕೇಳದೆ ನನ್ನ ಮದುವೆಯ ಬಟ್ಟೆ ಹೊಲಿದು ತಂದರು!

ಇವರು ಟೈಲರ್. ಕಾಜ ಹಾಕುವುದು, ಗುಂಡಿ ಹೊಲಿಯುವುದು ನನ್ನ ಪಾಲು. ಸೆಕ್ಯೂರಿಟಿಯವರ ಯೂನಿಫಾರ್ಮು ಹೊಲಿದೂ ಹೊಲಿದೂ ನಮ್ಮಂಗಡಿಯ ಕಸವೂ ನೀಲಿ. ‘ಸಾಯೋದ್ರೊಳಗೆ ಬೇರೆ ಏನಾದ್ರೂ ಹೊಲೀಬೇಕು ಕಣೆ’ ಎಂಬ ಇವರ ಹಲುಬಾಟ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಹೀಗಿರುವಾಗ ಒಬ್ಬ ಹೆಂಗಸು ಬ್ಯಾಗಿಗೆ ಜಿಪ್ ಹಾಕಿಸಲು ಬಂದಳು. ಕಾಯುತ್ತ ಕೂತವಳು ಗೋಡೆಯ ಮೇಲಿದ್ದ ಕೋಟು ನೋಡಿ, ‘ಇದಕ್ಕೇನ್ರೀ ಇಷ್ಟೊಂದು ಜೇಬು? ಕಳ್ಳನಿಗೆ ಹೊಲಿದ ಹಾಗಿದೆ’ ಎಂದು ನಕ್ಕಳು.

‘ಛೆ ಛೆ, ಕಳ್ಳನ ಕೋಟಿಗೆ ಹೊರಗೆ ಒಂದೂ ಜೇಬು ಇರಬಾರದು ಮೇಡಂ’ ಅಂದರು ಇವರು. ‘ಎಲ್ಲಾ ಒಳಗಡೆ. ತೋಳು ಉದ್ದ, ಬೆರಳು ಕಾಣಬಾರದು. ಆದ್ರೆ ಬೆನ್ನ ಮೇಲೊಂದು ಕೆಂಪು ತೇಪೆ. ಊರಿಗೆಲ್ಲಾ ಕಾಣುತ್ತೆ, ಅವನಿಗೊಬ್ಬನಿಗೆ ಕಾಣಲ್ಲ.’

‘ಅಯ್ಯೋ, ನಮ್ಮ ಗೊಂಬೆಯಾಟದಲ್ಲೂ ಒಬ್ಬ ಕಳ್ಳ ಇದಾನೆ! ಹೊಸ ಆಟಕ್ಕೆ ಗೊಂಬೆಗಳ ಬಟ್ಟೆಯೆಲ್ಲಾ ನೀವೇ ಹೊಲ್ಕೊಡ್ತೀರಾ?’

ಇವರು ‘ನೋಡೋಣ’ ಅಂದರು.

ಇದನ್ನೆಲ್ಲ ಆಮೇಲೆ ಇವರೇ ಕುಣಿದಾಡುತ್ತ ಹೇಳಿದ್ದು. ನಾನು ದಾರ ತರಲು ಹೋಗಿದ್ದೆ. ಅಲ್ಲಿದ್ದಿದ್ದರೆ, ‘ಅದು ಹೂಂ ಅಂತಾನೇ ಕಣಮ್ಮ’ ಎಂದು ಬಿಡಿಸಿ ಹೇಳುತ್ತಿದ್ದೆ. ಹಾಳು ದಾರ! ಇವರು ಅವತ್ತೇ ಕೂತು ಅಂಗೈಯಗಲದ ಕೋಟು ಹೊಲಿದರು. ‘ಹೋಗಿ ಕೇಳ್ರೀ’ ಅಂದರೆ, ‘ಅವರೇ ಬರ್ತಾರೆ ಬಿಡೆ’ ಅಂದರು. ಅವಳು ಬರಲಿಲ್ಲ. ಬಸ್‌ಸ್ಟಾಪಿನ ಗೋಡೆಯ ಮೇಲೆ ಗೊಂಬೆಯಾಟದ ಪೋಸ್ಟರ್ ಬಂತು.

ನಾನೇ ಎಳೆದುಕೊಂಡು ಹೋದೆ. ಪುಟ್ಟ ಕೋಟು ಇವರ ಚೀಲದಲ್ಲಿತ್ತು. ಕಳ್ಳ ರಂಗಕ್ಕೆ ಬಂದ, ಹೊರಗೆ ಎರಡು ಮಿರಿಮಿರಿ ಜೇಬು! ಜನ ನಕ್ಕರು, ಇವರೂ ನಕ್ಕರು. ನನಗೆ ಹೊಟ್ಟೆ ಉರಿಯಿತು.

ಆಟ ಮುಗಿದ ಮೇಲೆ ಅವಳೇ ಗುರುತು ಹಿಡಿದಳು. ‘ನೀವು ನೋಡೋಣ ಅಂದ್ರಲ್ಲ, ಇಷ್ಟ ಇಲ್ಲ ಅನ್ನೋಕೆ ಸಂಕೋಚ ಅಂದ್ಕೊಂಡೆ. ಬೇರೆಯವರ ಹತ್ರ ಹೊಲಿಸಿದ್ವಿ.’

ಇವರು ಕೋಟು ತೆಗೆದುಕೊಟ್ಟರು. ಅವಳು ಒಳಜೇಬಿಗೆ ಬೆರಳು ಹಾಕಿದಳು, ಬೆನ್ನು ತಿರುಗಿಸಿ ಕೆಂಪು ತೇಪೆ ನೋಡಿದಳು.

‘ಮುಂದಿನ ಆಟಕ್ಕೆ ನಾನೇ ಹೊಲ್ಕೊಡ್ತೀನಿ’ ಅಂದರು ಇವರು. ಜನ್ಮದಲ್ಲಿ ಮೊದಲ ಸಲ ಇವರ ಬಾಯಿಂದ ಬಂದ ನೇರ ಮಾತು ಅದು.

‘ನೋಡೋಣ’ ಅಂದಳು ಅವಳು, ಕೋಟು ಮಡಿಸಿ ವಾಪಸು ಕೊಡುತ್ತ. ಇವರು ಅದನ್ನು ಚೀಲಕ್ಕೆ ಹಾಕಿಕೊಳ್ಳುವಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: ‘ಇನ್ಮೇಲೆ ಎಲ್ಲಾ ಆಟಕ್ಕೂ ಈ ಸಲ ಹೊಲಿದ ಟೈಲರೇ ಅಂತ ಮಾತಾಗಿಬಿಟ್ಟಿದೆ. ಇವರ ಮುಖ ನೋಡ್ಕೊಂಡು ಇಲ್ಲ ಅನ್ನೋಕಾಗಲಿಲ್ಲ ಅಕ್ಕಾ.’

ದಾರಿಯುದ್ದಕ್ಕೂ ಇವರ ಕಾಲು ನೆಲದ ಮೇಲಿರಲಿಲ್ಲ. ‘ನೋಡೋಣ ಅಂದ್ರಲ್ಲ, ಕೇಳಿಸ್ಕೊಂಡ್ಯಾ?’

ಯಾರ ಮುಲಾಜೂ ನೋಡದ ನನ್ನ ನಾಲಿಗೆ ಅವತ್ತು ಏಳಲೇ ಇಲ್ಲ. ಹೇಳಿಬಿಡಬೇಕಿತ್ತು. ಹೇಗೆ ಹೇಳಲಿ?

ಈಗ ಮೇಜಿನ ಮೇಲೆ ಯೂನಿಫಾರ್ಮು ಪಕ್ಕಕ್ಕೆ ಸರಿದಿದೆ. ಇವರು ಇನ್ನೂ ಯಾರೂ ಬರೆಯದ ಆಟದ ರಾಜನಿಗೆ ಅಂಗಿ ಕತ್ತರಿಸುತ್ತಿದ್ದಾರೆ.

‘ರಾಜನ ಗುಂಡಿ ನೀನೇ ಹೊಲೀತೀಯ ತಾನೆ?’

‘ನೋಡೋಣ’ ಅಂದೆ.

ಇವರ ಮುಖ ಅರಳಿತು.