ಅಮ್ಮನ ತೂಕದ ಮರಳು

"ಇಳೀಲೇನೇ?" ಹಿಂದಿನಿಂದ ಅಮ್ಮ ಕೇಳಿದಳು.

"ಬೇಡ! ಅಲ್ಲಾಡಬೇಡ!" ಎಂದು ಕಿರುಚಿ ಗುಬ್ಬಿ ಪೆಡಲುಗಳ ಮೇಲೆ ಎದ್ದು ನಿಂತಳು.

ಬ್ಯಾಟರಿ ಸೈಕಲ್ಲಿನ ಮೋಟರು ಸತ್ತಿತ್ತು. ಒಂದು ಕ್ಷಣದ ಹಿಂದೆ ಯಾರೋ ಬೆನ್ನಿಗೆ ಅಂಗೈ ಕೊಟ್ಟು ತಳ್ಳುತ್ತಿದ್ದಂತೆ ಹಗುರವಾಗಿ ಏರುತ್ತಿದ್ದ ಸೈಕಲ್ಲು, ಆ ಅಂಗೈಯನ್ನು ಹೇಳದೆ ಕೇಳದೆ ಹಿಂದಕ್ಕೆ ತೆಗೆದುಕೊಂಡಂತೆ ಕಲ್ಲಾಯಿತು. ಸೇತುವೆಯ ಏರು ಅರ್ಧವೂ ಮುಗಿದಿರಲಿಲ್ಲ. ಸೈಕಲ್ಲುಗಳಿಗೆಂದು ಬೇರೆ ಮಾಡಿದ ದಾರಿ ಈ ಏರಿನಲ್ಲಿ ಮಾತ್ರ ಮುಗಿದುಹೋಗಿ ಬಸ್ಸುಗಳ ದಾರಿಯ ಜೊತೆ ಸೇರುತ್ತಿತ್ತು. ಬೆನ್ನ ಹಿಂದೆ ಒಂದು ಬಸ್ಸು ಹಾರ್ನಿನ ಮೇಲಿಟ್ಟ ಕೈ ತೆಗೆಯದೆ ಅರಚುತ್ತಿತ್ತು. ಇನ್ನೇನು ಸೈಕಲ್ಲು ವಾಲಬೇಕು ಎನ್ನುವಾಗ ಮೋಟರು ಮತ್ತೆ ಬಂತು. ಬಂದ ರಭಸಕ್ಕೆ ಸೈಕಲ್ಲು ಮುಂದಕ್ಕೆ ನೆಗೆದು ಅಮ್ಮನ ಹಣೆ ಅವಳ ಬೆನ್ನಿಗೆ ಬಡಿಯಿತು. ಹತ್ತು ಮಾರು ಹೋಗಿ ಮತ್ತೆ ಸತ್ತಿತು. ಏರು ಮುಗಿಯುವಷ್ಟರಲ್ಲಿ ಅದು ಮೂರು ಸಲ ಸತ್ತು ಮೂರು ಸಲ ಹುಟ್ಟಿತು. ತುದಿ ಮುಟ್ಟಿದಾಗ ಗುಬ್ಬಿಯ ಜೀವ ಬಾಯಿಗೆ ಬಂದಿತ್ತು.

"ಬಸ್ಸಿನವನಿಗೆ ಗಂಟಲು ಚೆನ್ನಾಗಿದೆ," ಎಂದಳು ಅಮ್ಮ. ಅವಳ ಕೈಗಳು ಮಾತ್ರ ಮಗಳ ಸೊಂಟವನ್ನು ಬಿಡಲಿಲ್ಲ.

ಅಮ್ಮನ ಬಲಗಣ್ಣು ಹೋದ ವರ್ಷವೇ ಹೋಗಿತ್ತು. ಉಳಿದ ಎಡಗಣ್ಣಿಗೆ ನಾಲ್ಕು ವಾರಕ್ಕೊಂದು ಸೂಜಿ. ಬುಧವಾರ ಒಂಬತ್ತಕ್ಕೆ ಆಸ್ಪತ್ರೆಯಲ್ಲಿರಬೇಕು, ಹದಿನೈದು ನಿಮಿಷದ ರಿಯಾಯಿತಿ. ಅದು ದಾಟಿದರೆ ಹೆಸರು ಪಟ್ಟಿಯ ಬಾಲಕ್ಕೆ ಹೋಗುತ್ತದೆ; ಬಾಲದಿಂದ ಮತ್ತೆ ಮುಂದೆ ಬರಲು ಎರಡು ತಿಂಗಳು. ಅಷ್ಟರಲ್ಲಿ ಕಣ್ಣಿನಲ್ಲಿ ಏನು ಉಳಿದಿರುತ್ತದೆಂದು ವೈದ್ಯರೂ ಹೇಳುತ್ತಿರಲಿಲ್ಲ. ಬಾಡಿಗೆ ಕಾರುಗಳು ಬೆಳಗಿನ ಹೊತ್ತು ಸೇತುವೆಯ ಬುಡದಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದು ನಿಲ್ಲುತ್ತವೆ, ಬಸ್ಸಾದರೆ ಎರಡು ಕಡೆ ಬದಲಿಸಬೇಕು. ಸೈಕಲ್ಲಿನಲ್ಲಿ ಇಪ್ಪತ್ತೆರಡೇ ನಿಮಿಷ. ಮೋಟರು ಬದುಕಿದ್ದರೆ.

ಅಂದು ಅವರು ಹದಿನೇಳು ನಿಮಿಷ ತಡವಾಗಿದ್ದರು. ನರ್ಸು ಗಡಿಯಾರ ನೋಡಿದಳು, ಅಮ್ಮನನ್ನು ನೋಡಿದಳು, ಬೆವರಿನಲ್ಲಿ ಮಿಂದ ಗುಬ್ಬಿಯನ್ನು ನೋಡಿದಳು. "ಇದೊಂದ್ಸಲ ಬಿಡ್ತೀನಿ. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿಲ್ಲ."

ಆ ಸುದ್ದಿ ಸಂಜೆಯೊಳಗೆ ಅಣ್ಣನಿಗೆ ತಲುಪಿತು. ಎರಡು ಗಂಟೆ ದಾರಿಯ ಊರಿನಲ್ಲಿ ಅವನಿಗೆ ಬಣ್ಣದ ಅಂಗಡಿ, ಕಾರು, ಮನೆಯೆದುರಿಗೇ ಕಣ್ಣಿನ ಆಸ್ಪತ್ರೆ.

"ನೀನು ಅಮ್ಮನ್ನ ಸೈಕಲ್ ಮೇಲೆ ಹೇರ್ಕೊಂಡು ಬಸ್ಸಿನ ಮುಂದೆ ಸರ್ಕಸ್ ಮಾಡೋದು ಸಾಕು," ಎಂದ ಫೋನಿನಲ್ಲಿ. "ನನ್ನ ಮನೇಲಿ ರೂಮು ಖಾಲಿ ಇದೆ."

"ಹೊಲಿಗೆ ಮಿಷನ್ನು?"

"ಮಿಷನ್ ಯಾಕೆ ಇನ್ನು? ಒಂದು ಕಣ್ಣಲ್ಲಿ ಎಷ್ಟು ಹೊಲೀತಾಳೆ? ನೋಡು ಗುಬ್ಬಿ, ಇನ್ನೊಂದ್ಸಲ ಗಾಡಿ ಕೈಕೊಟ್ರೆ ನಾನು ಬಂದು ಕರ್ಕೊಂಡು ಹೋಗ್ತೀನಿ. ಆಮೇಲೆ ನೀನು ತುಟಿ ಪಿಟಕ್ ಅನ್ನೋ ಹಾಗಿಲ್ಲ."

ಗುಬ್ಬಿ ಸರಿ ಎಂದಳು. ಅವನ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಒಳಕೋಣೆಯಲ್ಲಿ ಅಮ್ಮ ಕುರ್ಚಿಯಿಂದ ಏಳುತ್ತಿದ್ದಳು. ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವಳು. ಎಲ್ಲಿಂದ ಏಳಬೇಕಾದರೂ ಮೊದಲು ಬಗ್ಗಿ, ಕುದುರೆ ಲಾಳದ ಆಕಾರದ ತನ್ನ ಅಯಸ್ಕಾಂತವನ್ನು ಕಾಲಬುಡದಲ್ಲೆಲ್ಲ ಆಡಿಸಿ, ಬಿದ್ದ ಗುಂಡುಸೂಜಿಗಳನ್ನು ಎತ್ತಿಕೊಂಡೇ ಏಳುವುದು. ಹಿಂದೊಮ್ಮೆ ಅಳತೆ ಕೊಡಲು ಬಂದವರ ಮಗುವಿನ ಪಾದಕ್ಕೆ ಸೂಜಿ ಹೊಕ್ಕಿತ್ತಂತೆ. ಆಮೇಲೆ ಆ ಲಾಳವಿಲ್ಲದೆ ಅವಳು ಎಲ್ಲೂ ಕಾಲಿಟ್ಟವಳಲ್ಲ. ಕಣ್ಣು ಮಂಜಾದ ಮೇಲಂತೂ ಅದೇ ಅವಳ ಮೂರನೆಯ ಕಣ್ಣು.

ಮುಂದಿನ ಸೂಜಿಯ ಬುಧವಾರಕ್ಕೆ ಇಪ್ಪತ್ತೆಂಟು ದಿನ.

ಸೈಕಲ್ ಅಂಗಡಿಯ ಮೆಕ್ಯಾನಿಕ್ಕು ಬಾಯಿ ಮುಚ್ಚಿ ಕೆಲಸ ಮಾಡುವ ಜಾತಿಯವನಲ್ಲ. ಬ್ಯಾಟರಿಯ ಹಿತ್ತಾಳೆ ತುದಿಗಳನ್ನು ಉಜ್ಜುತ್ತ, "ನನ್ನ ಮುಂದೆ ಯಾವ ಗಾಡಿನೂ ಕೆಡಲ್ಲ ಮೇಡಂ. ಹಲ್ಲುನೋವು ಹೇಗೆ ಡಾಕ್ಟ್ರ ಮೆಟ್ಟಿಲು ಹತ್ತಿದ ಕೂಡ್ಲೇ ಹೋಗುತ್ತೋ ಹಾಗೆ," ಎಂದ. ತಾನೇ ಹತ್ತಿ ಬೀದಿಯ ಕೊನೆಯವರೆಗೆ ಹೋಗಿ ಬಂದ. "ರಾಜಕುಮಾರಿ ಇದ್ದ ಹಾಗಿದೆ."

"ಅಮ್ಮ ಕೂತಾಗ ಮಾತ್ರ ನಿಲ್ಲುತ್ತೆ."

"ಅತ್ತೆನಾ?"

"ಅಮ್ಮ."

"ಹಾಗಾದ್ರೆ ನಿಲ್ಲಬಾರ್ದಿತ್ತು." ತನ್ನ ಜೋಕಿಗೆ ತಾನೇ ನಕ್ಕು, ಅವಳ ಮುಖ ನೋಡಿ ನಗು ನುಂಗಿಕೊಂಡ. ಮತ್ತೆ ಕುಕ್ಕರಗಾಲಿನಲ್ಲಿ ಕೂತು ಹಿಂಚಕ್ರ ತೋರಿಸಿದ. ಚಕ್ರದ ಕಡ್ಡಿಯೊಂದಕ್ಕೆ ಅಂಗಿಯ ಗುಂಡಿಯಷ್ಟು ಪುಟ್ಟ ಕಾಂತ. ಪಕ್ಕದ ಕೊಳವೆಗೆ ಅಂಟಿದ ಕಪ್ಪು ಡಬ್ಬಿ. "ಈ ಗುಂಡಿ ಸುತ್ತು ಹಾಕ್ದಾಗೆಲ್ಲ ಈ ಡಬ್ಬಿ ಎಣಿಸುತ್ತೆ. ಎಣಿಕೆ ನಿಂತ್ರೆ ಗಾಡಿ ನಿಂತಿದೆ ಅಂತ ಮೋಟರೂ ಸುಮ್ನಾಗ್ಬಿಡುತ್ತೆ. ದೂಳು ಕೂತಿರ್ಬಹುದು." ಒರೆಸಿದ. ವೈರುಗಳ ಗಂಟುಗಳನ್ನು ಬಿಚ್ಚಿ ಮತ್ತೆ ಹಾಕಿದ. ಬ್ರೇಕು ಮುಟ್ಟಿದರೆ ಮೋಟರು ನಿಲ್ಲಿಸುವ ಗುಂಡಿಯನ್ನೂ ಬದಲಿಸಿದ.

ಗುಬ್ಬಿಗೆ ಅದು ಹಿಡಿಸಲಿಲ್ಲ. ಅವಳು ತೂಕದ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಪರೀಕ್ಷಕಿ. ಯಂತ್ರ ತಪ್ಪು ತೋರಿಸಿದರೆ ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಮೂರು ಪರೀಕ್ಷೆ. ಅಲ್ಲಿಯ ಕಾನೂನು ಅದು. ಎಲ್ಲವನ್ನೂ ಒಟ್ಟಿಗೆ ಸರಿಮಾಡಿದರೆ ಕಾಯಿಲೆ ಯಾವುದಿತ್ತು ಎಂದು ಯಾರಿಗೆ ಗೊತ್ತು? ಗೊತ್ತಿಲ್ಲದ ಕಾಯಿಲೆ ವಾಸಿಯಾಗಿದೆ ಎಂದು ನಂಬುವುದು ಹೇಗೆ?

ಕಾರ್ಖಾನೆಯಿಂದ ಒಂದು ತಕ್ಕಡಿ ತಂದು ಅಮ್ಮನನ್ನು ನಿಲ್ಲಿಸಿದಳು. ಐವತ್ತೆಂಟು ಕಿಲೋ ನಾನೂರು ಗ್ರಾಂ.

"ಊರಿಗೆಲ್ಲ ಡಂಗುರ ಹೊಡೆಸು," ಎಂದಳು ಅಮ್ಮ.

ಮರಳು ತಂದು ಎರಡು ಮೂಟೆ ಕಟ್ಟಿ, ಚಮಚದಿಂದ ಹಾಕಿ ತೆಗೆದು, ಸರಿಯಾಗಿ ಐವತ್ತೆಂಟು ಕಿಲೋ ನಾನೂರು ಗ್ರಾಂ ಮಾಡಿದಳು. ಬಸ್ಸುಗಳ ಮುಂದೆ ಪರೀಕ್ಷೆಗೆಂದು ಅಮ್ಮನನ್ನೇ ಕೂರಿಸುವ ಧೈರ್ಯ ಅವಳಿಗಿರಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಮೂಟೆಗಳನ್ನು ಹಿಂದಿನ ಸೀಟಿಗೆ ಬಿಗಿದು ಸೇತುವೆಯ ಏರು ಹತ್ತಿದಳು, ಇಳಿದಳು, ಹತ್ತಿದಳು. ನಾಲ್ಕನೆಯ ಸಂಜೆ ಸೇತುವೆ ಗುಡಿಸುವವಳು ಪೊರಕೆಗೆ ಗಲ್ಲ ಊರಿ, "ಏನಮ್ಮಾ, ಮರಳಿಗೆ ದಿನಾ ಗಾಳಿ ತೋರಿಸ್ತೀಯಾ?" ಎಂದು ಕೇಳಿದಳು. ಹನ್ನೆರಡು ಸಲ ಹತ್ತಿದರೂ ಮೋಟರು ಒಮ್ಮೆಯೂ ಉಸಿರು ಬಿಗಿಹಿಡಿಯಲಿಲ್ಲ.

ಹನ್ನೆರಡೂ ಸರಿ ಎಂದು ಪುಸ್ತಕದಲ್ಲಿ ಬರೆದಳು. ಹೊಟ್ಟೆಯೊಳಗಿನ ಕಳವಳ ಮಾತ್ರ ಒಂದು ಗ್ರಾಂ ಕೂಡ ಇಳಿಯಲಿಲ್ಲ. ಕೆಟ್ಟಿದ್ದರೆ ಕೆಟ್ಟಿದೆ ಎಂದಾದರೂ ಗೊತ್ತಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಅಮ್ಮನನ್ನೇ ಕೂರಿಸಿಕೊಂಡು ಮನೆಯ ಬೀದಿಯಲ್ಲಿ ನಾಲ್ಕು ಸುತ್ತು ಹಾಕಿದಳು. ಮನೆಯ ಬೀದಿಯೇ ತಾನೆ ಎಂದು ಅಮ್ಮ ಬರಿಗೈಯಲ್ಲಿ ಬಂದು ಕೂತಿದ್ದಳು. ಬೆಣ್ಣೆಯಂತೆ ಹೋಯಿತು.

"ಮೂಟೆಗಿಂತ ನಾನು ವಾಸಿನಾ?"

"ಮೂಟೆ ಮಾತಾಡಲ್ಲಮ್ಮ."

"ಅದಕ್ಕೇ ನಿನ್ನ ಗಾಡಿಗೆ ಅದನ್ನ ಕಂಡ್ರೆ ಪ್ರೀತಿ."

ಆ ಬುಧವಾರ ಅವರು ನಲವತ್ತು ನಿಮಿಷ ಮುಂಚೆ ಹೊರಟರು. ಅಮ್ಮ ಎಂದಿನಂತೆ ಆಸ್ಪತ್ರೆಯ ಚೀಲವನ್ನು, ಚೀಟಿಗಳು, ಕಪ್ಪು ಕನ್ನಡಕ, ಕಾಯುವಾಗ ಕೈಗೆ ಬೇಕೆಂದು ಒಂದಿಷ್ಟು ಹೊಲಿಗೆ, ಎಲ್ಲ ತುಂಬಿ ಸೀಟಿನ ಪಕ್ಕದ ಕೊಕ್ಕೆಗೆ ನೇತುಹಾಕಿದಳು. ತನ್ನನ್ನು ಹಿಡಿದುಕೊಳ್ಳಲು ಅಮ್ಮನ ಎರಡೂ ಕೈಗೆ ಬಿಡುವಾಗಲಿ ಎಂದು ಮೂರು ತಿಂಗಳ ಹಿಂದೆ ಗುಬ್ಬಿಯೇ ತಿರುಪು ಹಾಕಿ ಕೂರಿಸಿದ ಕೊಕ್ಕೆ ಅದು.

ಬೀದಿ ದಾಟಿ ರಸ್ತೆಯ ಹಳ್ಳವೊಂದಕ್ಕೆ ಚಕ್ರ ಇಳಿದದ್ದೇ ತಡ, ಮೋಟರು ಸತ್ತಿತು.

ಗುಬ್ಬಿ ಪೆಡಲು ಒತ್ತಿದಳು. ಬಂತು. ಸತ್ತಿತು. ಬಂತು. ಸೇತುವೆಯ ಬುಡ ತಲುಪುವ ಹೊತ್ತಿಗೆ ಪೂರಾ ಮಲಗಿತ್ತು. ಬದಿಗೆ ನಿಲ್ಲಿಸಿ ಬ್ಯಾಟರಿ ಕಿತ್ತು ಹಾಕಿದಳು, ವೈರುಗಳನ್ನು ಅದುಮಿದಳು, ಬ್ರೇಕಿನ ಗುಂಡಿಯನ್ನು ಉಫ್ ಉಫ್ ಎಂದು ಊದಿದಳು. ಒಂದು ಸಲಕ್ಕೆ ಒಂದೇ ಬದಲಾವಣೆ ಎನ್ನುವ ಕಾನೂನು ಗಾಳಿಗೆ ಹೋಯಿತು. ಗಡಿಯಾರ ನೋಡಿದಳು, ನೋಡಬಾರದಿತ್ತು ಅನ್ನಿಸಿತು. ಅಣ್ಣನ ನಂಬರು ಒತ್ತಿದಳು.

"ಬಾ," ಎಂದಳು. "ಮತ್ತೆ ಕೈಕೊಡ್ತು. ಬಾ."

ಆ ಕಡೆಯಿಂದ ಒಂದೇ ಮಾತು: "ಹೊರಟೆ."

ಫೋನಿಟ್ಟ ಮೇಲೆ ಅಮ್ಮನ ಮುಖ ನೋಡಲಾಗಲಿಲ್ಲ. ಅಮ್ಮ ಸೀಟಿನಿಂದ ಇಳಿದು, ಸೇತುವೆಯ ಕಂಬಿ ತಡವಿ ಹಿಡಿದು, ಏರು ಹತ್ತತೊಡಗಿದಳು. ಗುಬ್ಬಿ ಸೈಕಲ್ಲು ತಳ್ಳುತ್ತ ಪಕ್ಕದಲ್ಲಿ ನಡೆದಳು. ತುದಿಯಿಂದಾಚೆಗೆ ಇಳಿಜಾರು, ಅಲ್ಲಿಗೆ ಮೋಟರು ಬೇಕಿರಲಿಲ್ಲ.

ಒಂಬತ್ತು ಗಂಟೆ ಹನ್ನೊಂದು ನಿಮಿಷ. ನರ್ಸು ಗಡಿಯಾರ ನೋಡಿ, ಅಮ್ಮನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಸೂಜಿ ಮುಗಿದು, ಕಣ್ಣಿಗೆ ಬಟ್ಟೆ ಕಟ್ಟಿ, ಇನ್ನೊಂದು ಗಂಟೆ ಅಲ್ಲೇ ಕೂರಬೇಕು. ಬಲಗಣ್ಣು ಬೆಳಕು ಕತ್ತಲೆ ಬಿಟ್ಟರೆ ಏನನ್ನೂ ಹೇಳದು, ಎಡಗಣ್ಣು ಬಟ್ಟೆಯಡಿ. ಹಾಗಿದ್ದೂ ಅಮ್ಮ ಮಡಿಲಲ್ಲಿ ಬಟ್ಟೆಯಿಟ್ಟುಕೊಂಡು ಬೆರಳಿನ ಅಂದಾಜಿನಲ್ಲಿ ಅಂಚು ಮಡಿಸುತ್ತಿದ್ದಳು. ಗುಬ್ಬಿ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಅಣ್ಣನದರಂಥ ಬಿಳಿ ಕಾರು ಕಂಡಾಗೆಲ್ಲ ಕತ್ತು ಚಾಚಿ ನೋಡಿದಳು.

ಹೋಗಬಹುದು ಎಂದಳು ನರ್ಸು. ಅಮ್ಮ ಏಳುವ ಮೊದಲು ಬಗ್ಗಿದಳು. ಚೀಲಕ್ಕೆ ಕೈ ಹಾಕಿ ಲಾಳ ತೆಗೆದು ಕುರ್ಚಿಯ ಕೆಳಗೆ ಆಡಿಸಿದಳು. ಯಾರದೋ ಚೀಟಿಯಿಂದ ಉದುರಿದ ಕ್ಲಿಪ್ಪೊಂದು ಗೇಣು ದೂರದಿಂದ ಎಗರಿ ಬಂದು ಟಿಕ್ಕೆಂದು ಕಚ್ಚಿಕೊಂಡಿತು.

ಗುಬ್ಬಿ ಆ ಸದ್ದು ಹುಟ್ಟಿದಾಗಿನಿಂದ ಕೇಳಿದ್ದಳು. ಈಗ ಮೊದಲ ಸಲ ಕೇಳಿದಂತೆ ನಿಂತಳು.

"ಅಮ್ಮಾ, ಅದನ್ನ ಕೊಡು."

"ಯಾಕೆ?"

"ಕೊಡಮ್ಮ, ಈಗ ಬಂದೆ!"

ಹೊರಗೆ ಓಡಿದಳು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಹಿಂಚಕ್ರ ಎತ್ತಿ, ಕೈಯಿಂದ ಪೆಡಲು ತಿರುಗಿಸಿದಳು. ಮೋಟರು ಗುಂಯ್ಗುಟ್ಟಿತು, ಹ್ಯಾಂಡಲಿನ ಪರದೆಯ ಮೇಲೆ ವೇಗ ಹನ್ನೆರಡು, ಹದಿನಾಲ್ಕು. ಕೊಕ್ಕೆಯಿಂದ ಚೀಲ ತೂಗುತ್ತಿದ್ದ ಎತ್ತರಕ್ಕೆ ಲಾಳ ಹಿಡಿದು ಕಪ್ಪು ಡಬ್ಬಿಯ ಪಕ್ಕಕ್ಕೆ ತಂದಳು. ಸೊನ್ನೆ. ಮೋಟರು ಸತ್ತಿತು. ದೂರ ಒಯ್ದಳು. ಎರಡು ಸುತ್ತು, ಮತ್ತೆ ಜೀವ ಬಂತು. ಇಷ್ಟು ದೊಡ್ಡ ಕಾಂತ ಪಕ್ಕದಲ್ಲಿ ನಿಂತರೆ ಗುಂಡಿಯಷ್ಟು ಪುಟ್ಟದು ಹಾದುಹೋದದ್ದು ಆ ಡಬ್ಬಿಗೆ ಹೇಗೆ ಗೊತ್ತಾಗಬೇಕು?

ಚೀಲ. ಏರಿನಲ್ಲಿ, ಹಳ್ಳದಲ್ಲಿ ತೂಗಾಡುವ ಚೀಲ. ಅಮ್ಮನ ತೂಕವನ್ನು ಚಮಚದ ಲೆಕ್ಕದಲ್ಲಿ ಸರಿದೂಗಿಸಿದವಳು, ತೂಕಕ್ಕೆ ಬಾರದ ಆ ಚೀಲವನ್ನು ಹನ್ನೆರಡು ಸಲವೂ ಮನೆಯಲ್ಲೇ ಬಿಟ್ಟು ಹೋಗಿದ್ದಳು. ತಕ್ಕಡಿ ನೋಡುವವಳ ಕಣ್ಣಿಗೆ ಭಾರ ಬಿಟ್ಟರೆ ಇನ್ನೇನು ಬಿದ್ದೀತು? ನಗಬೇಕೆನಿಸಿತು. ಒಂದೇ ಪರೀಕ್ಷೆ ಆಯಿತು. ಇನ್ನೂ ಎರಡು ಬೇಕು. ಲಾಳವಿಲ್ಲದೆ ಅಮ್ಮನನ್ನು ಕೂರಿಸಿಕೊಂಡು ಆ ಏರಿನಲ್ಲಿ ಪರೀಕ್ಷೆ ಆಗಿಯೇ ಇಲ್ಲ.

ಬಿಳಿ ಕಾರು ಗೇಟಿನೊಳಗೆ ಬಂದು ನಿಂತಿತು.

ಅಣ್ಣ ಇಳಿದು ಸೀದಾ ಒಳಗೆ ಹೋಗಿ ಅಮ್ಮನ ಕೈ ಹಿಡಿದು ಕರೆತಂದ. ಗುಬ್ಬಿ ತಡವರಿಸುತ್ತ ಚೀಲ, ಡಬ್ಬಿ, ಲಾಳ ಎಲ್ಲವನ್ನೂ ಹೇಳಿದಳು. ಅವನು ಕೇಳಿಸಿಕೊಂಡ. ಕೋಪವಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

"ಸಿಕ್ತಲ್ಲ, ಒಳ್ಳೇದಾಯ್ತು," ಎಂದ. "ಆದ್ರೆ ನಾಳೆ ಇನ್ನೊಂದು ಸಿಗುತ್ತೆ ಗುಬ್ಬಿ. ಗಾಡಿ ಅಂದ್ಮೇಲೆ ಗಾಡಿನೇ. ಬಾ ಅಂತ ನೀನೇ ತಾನೆ ಕರೆದಿದ್ದು?"

ಅವಳೇ ಕರೆದಿದ್ದಳು. ಮನಸ್ಸಿನ ಒಂದು ಮೂಲೆ, ಅಮ್ಮ ಆ ಕಾರು ಹತ್ತಿಬಿಡಲಿ, ಆ ಏರು ಇನ್ನೆಂದೂ ಬೇಡ ಎಂದು ಕೂಡ ಬೇಡಿಕೊಳ್ಳುತ್ತಿತ್ತು.

"ರೂಮಿಗೆ ಹೊಸ ಮಂಚ ಹಾಕ್ಸಿದೀನಮ್ಮ," ಎಂದು ಅಣ್ಣ ಕಾರಿನ ಬಾಗಿಲು ತೆರೆದ. ತಣ್ಣನೆಯ ಗಾಳಿ ಮೂವರ ಕಾಲನ್ನೂ ಸವರಿತು. "ಕೂತ್ಕೋ. ಸೀಟು ಹಿಂದಕ್ಕೆ ಹಾಕಿದೀನಿ, ಆರಾಮಾಗಿ ಮಲಗಬಹುದು."

"ನನ್ನ ಲಾಳ ಎಲ್ಲಿ?" ಅಮ್ಮ ಗಾಳಿಯಲ್ಲಿ ಅಂಗೈ ಚಾಚಿದಳು.

ಗುಬ್ಬಿ ಅದನ್ನು ಆ ಅಂಗೈಯಲ್ಲಿಟ್ಟಳು. ಅಮ್ಮ ಕ್ಲಿಪ್ಪನ್ನು ಬಿಡಿಸಿ ಜೇಬಿಗೆ ಹಾಕಿಕೊಂಡಳು. ಕಾರಿನ ಬಾಗಿಲು ತಡವಿದಳು, ಸೀಟು ತಡವಿದಳು, ಬಗ್ಗಿ ಸೀಟಿನ ನಡುಮಧ್ಯದಲ್ಲಿ ಲಾಳವನ್ನು ಮಗುವನ್ನು ಮಲಗಿಸಿದಂತೆ ಇಟ್ಟಳು.

"ಇದನ್ನ ಜೋಪಾನವಾಗಿ ಮನೆಗೆ ಮುಟ್ಟಿಸು. ಗುಬ್ಬಿ ಮನೆಗೆ. ಮಿಷನ್ ಪಕ್ಕದ ಡಬ್ಬಿಯೊಳಗಿಡು."

ಅಣ್ಣ ಒಂದು ಕ್ಷಣ ಸೀಟನ್ನೇ ನೋಡುತ್ತ ನಿಂತ. ಅಮ್ಮ ಆಗಲೇ ತಿರುಗಿ, ಎರಡು ಹೆಜ್ಜೆಯಿಟ್ಟು, ಸೈಕಲ್ಲಿನ ಹಿಂದಿನ ಸೀಟಿಗಾಗಿ ಕೈ ಆಡಿಸುತ್ತಿದ್ದಳು. ಗುಬ್ಬಿ ಹ್ಯಾಂಡಲು ಹಿಡಿದಳು.

"ಅಮ್ಮಾ, ಏನಿದು ಹುಡುಗಾಟ? ಕಣ್ಣಿಗೆ ಬಟ್ಟೆ ಕಟ್ಟಿದೆ. ಅವಳ ಗಾಡಿ ಆ ಏರಲ್ಲಿ ನಿಲ್ಲುತ್ತೋ ಇಲ್ವೋ ಅವಳಿಗೇ ಗೊತ್ತಿಲ್ಲ, ಅವಳ ಮುಖ ನೋಡಿದ್ರೇ ತಿಳಿಯುತ್ತೆ. ಬಾ, ಕಾರು ಹತ್ತು."

"ಹತ್ತಲ್ಲ," ಎಂದು ಅಮ್ಮ ಕೈಗೆ ಸಿಕ್ಕ ಸೈಕಲ್ಲಿನ ಸೀಟನ್ನು ಗಟ್ಟಿಯಾಗಿ ಹಿಡಿದಳು.